ತಂತಿಗೂ ಮಾಳಿಗೆಗೂ ಎಷ್ಟು ಅಂತರ?



ಶಹಾಬಜಾರದ ಇಕ್ಕಟ್ಟು ಓಣಿಗಳಲ್ಲಿ ಮಹಡಿ ಮೇಲೆ ಮಹಡಿ ಏಳುತ್ತಿವೆ, 11 ಕೆ.ವಿ. ತಂತಿ ಮಾತ್ರ ಇದ್ದಲ್ಲೇ ಇದೆ. ಕಂಬದ ಪಿಂಗಾಣಿ ಇನ್ಸುಲೇಟರ್ ಕಾಯುವುದು ಕಂಬವನ್ನಷ್ಟೇ. ನಡುವಿನ ಬರಿಯ ತಂತಿಗೆ ಗಾಳಿಯ ಅಂತರವೇ ಹೊದಿಕೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮದಂತೆ ಅದು ಕಟ್ಟಡದ ಪಕ್ಕಕ್ಕೆ ಕನಿಷ್ಠ 1.2 ಮೀಟರ್, ಮೇಲಕ್ಕೆ 3.7 ಮೀಟರ್ ಇರಬೇಕು. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ನಟನ ಕಟೌಟ್ ನಿಲ್ಲಿಸುತ್ತಿದ್ದ ಮೂವರು ಯುವಕರು ವಿದ್ಯುತ್ ತಂತಿ ತಗುಲಿ ಸತ್ತರು. ಸರಳು ಎತ್ತುವ ಗೌಂಡಿಗಳಿಗೂ ಅದೇ ಅಪಾಯ. ತಂತಿಯಡಿ ಕಟ್ಟುವವರ ತಪ್ಪೂ ಇದೆ, ಅಲ್ಲವೆನ್ನುವುದಿಲ್ಲ. ಆದರೆ ಪರವಾನಗಿ ಕೊಡುವ ಮೊದಲು ಪಾಲಿಕೆಯವರು ಟೇಪು ಹಿಡಿದು ಅಳೆಯಲಿ. ತಂತಿ ಸರಿಸಲಾಗದ ಕಡೆ ಇನ್ಸುಲೇಷನ್ ಇರುವ ಕೇಬಲ್ ಎಳೆಯುವಂತೆ ವಿದ್ಯುತ್ ಅಧಿಕಾರಿಗಳನ್ನು ಕೋರುತ್ತೇನೆ, ಅದೂ ಮಳೆಗಾಲಕ್ಕೆ ಮುಂಚೆ.

– ಓರ್ವ ನಿವಾಸಿ, ಶಹಾಬಜಾರ, ಕಲಬುರಗಿ