ಗೀಸರಿಗೆ ತಕ್ಕ ತಂತಿ, ತಂತಿಗೆ ತಕ್ಕ ಎಂ.ಸಿ.ಬಿ.



ಮುಂಜಾನೆ ಸ್ನಾನ ಮುಗಿಸಿ ಇಷ್ಟಲಿಂಗ ಪೂಜೆಗೆ ಕುಳಿತುಕೊಳ್ಳುವುದು ನಮ್ಮ ಮನೆಗಳ ವಾಡಿಕೆ. ಬಚ್ಚಲಿನ ಹಂಡೆ ಇದ್ದೆಡೆಯಲ್ಲಿ ಈಗ ಗೀಸರು ಬಂದಿದೆ. ಹಂಡೆಯ ಉರಿ ಕಣ್ಣಿಗೆ ಕಾಣುತ್ತಿತ್ತು. ಗೋಡೆಯೊಳಗಿನ ತಂತಿಯ ಕಾವು ಕಾಣುವುದಿಲ್ಲ. ಆದುದರಿಂದ ಈ ಸಂಚಿಕೆಯಲ್ಲಿ ಅದರ ವಿಚಾರವನ್ನೇ ಎತ್ತಿಕೊಂಡಿದ್ದೇವೆ.

ಲೆಕ್ಕ ಸರಳವಾದುದು. ಗೀಸರಿನ ಮೇಲೆ ಬರೆದಿರುವ ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ ಅದು ಎಳೆಯುವ ಆಂಪಿಯರು ದೊರೆಯುತ್ತದೆ. 2000 ವ್ಯಾಟಿನದಕ್ಕೆ 9ಕ್ಕಿಂತ ತುಸು ಕಡಿಮೆ. 3000 ವ್ಯಾಟಿನದಕ್ಕೆ 13. ಎರಡಕ್ಕೂ 16 ಆಂಪಿಯರಿನ ಎಂ.ಸಿ.ಬಿ., ಅದರಿಂದ ಗೀಸರಿಗೆ ಮಾತ್ರವೇ ಹೋಗುವ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಸಲ್ಲುತ್ತದೆ. ತಂತಿ ಬಹುದೂರ ಹಾಯುವುದಾದರೆ 4 ಚದರ ಮಿಲಿಮೀಟರಿನದು ಮೇಲು. ದೀಪಗಳಿಗೆಂದು ಎಳೆದ ತೆಳು ತಂತಿಗೆ ಗೀಸರನ್ನು ಜೋಡಿಸಕೂಡದು.

ಆದರೆ ಅನಾಹುತಕ್ಕೆ ದಾರಿಯಾಗುವುದು ಬಹುತೇಕ ಆಮೇಲೆ. ಚಳಿಗಾಲದ ಒಂದು ದಿನ ಎಂ.ಸಿ.ಬಿ. ಮೇಲಿಂದ ಮೇಲೆ ಟ್ರಿಪ್ ಆಗತೊಡಗುತ್ತದೆ. ಅವಸರದಲ್ಲಿ ಬಂದ ಮಿಸ್ತ್ರಿ 16ರದನ್ನು ಕಿತ್ತು 32ರದನ್ನು ಕೂರಿಸುತ್ತಾನೆ. ಬಿಸಿನೀರು ಬರುತ್ತದೆ, ಮನೆಮಂದಿಗೆ ಸಮಾಧಾನ! ಎಂ.ಸಿ.ಬಿ. ಇರುವುದು ಗೀಸರನ್ನು ಕಾಯಲಿಕ್ಕಲ್ಲ, ತಂತಿಯನ್ನು ಕಾಯಲಿಕ್ಕೆ. ಗೋಡೆಯ ಕೊಳವೆಯೊಳಗಿನ 2.5ರ ತಂತಿ ತಾಳುವುದು ಸುಮಾರು 20 ಆಂಪಿಯರು. 32ರ ಎಂ.ಸಿ.ಬಿ.ಯಾದರೋ 36 ಆಂಪಿಯರು ಹರಿದರೂ ಸುಮ್ಮನಿರುತ್ತದೆ. 46 ಹರಿದಾಗಲೂ ಬೀಳಲು ಒಂದು ಗಂಟೆಯವರೆಗೆ ತೆಗೆದುಕೊಳ್ಳಬಹುದು. ವಿದ್ಯುತ್ ಪ್ರವಾಹ ಇಮ್ಮಡಿಯಾದರೆ ತಂತಿಯಲ್ಲಿ ಹುಟ್ಟುವ ಕಾವು ನಾಲ್ಮಡಿಯಾಗುತ್ತದೆ. ಹೊದಿಕೆ ಕರಗಿ ಬೆಂಕಿ ಹೊತ್ತುವುದಕ್ಕೆ ಮತ್ತೇನು ಬೇಕು?

ಎಂ.ಸಿ.ಬಿ. ಬೀಳುತ್ತಿದ್ದರೆ ಕಾರಣವನ್ನು ಹುಡುಕಿಸಬೇಕು. ಅದರ ತಿರುಪು ಸಡಿಲಗೊಂಡು ಕಾಯುತ್ತಿರಬಹುದು. ಇಸ್ತ್ರಿಪೆಟ್ಟಿಗೆಯೋ ನೀರೆತ್ತುವ ಮೋಟಾರೋ ಅದೇ ಸಾಲಿನಲ್ಲಿರಬಹುದು. ಬಯಲುಸೀಮೆಯ ಕೊಳವೆಬಾವಿಯ ಗಡಸುನೀರಾದರೆ ಕಾಯಿಲಿಗೆ, ಅಂದರೆ ಎಲಿಮೆಂಟಿಗೆ, ಸುಣ್ಣ ಕಟ್ಟಿ ಅದು ಸೀಳಿರಲೂಬಹುದು. ಆಗ ಬದಲಿಸಬೇಕಾದುದು ಎಲಿಮೆಂಟನ್ನು.

ಇನ್ನೊಂದು ಮಾತು. ಸ್ನಾನ ಮಾಡುವವರಿಗೆ ಶಾಕ್ ತಗುಲಿದರೆ ಅದು ಎಂ.ಸಿ.ಬಿ.ಗೆ ತಿಳಿಯದು, ಅಷ್ಟು ಅಲ್ಪ ಪ್ರವಾಹವೇ ಪ್ರಾಣ ತೆಗೆಯಬಲ್ಲುದು. ಅದಕ್ಕೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಬೇರೆಯಾಗಿಯೇ ಬೇಕು, ಸರಿಯಾದ ಅರ್ಥಿಂಗೂ ಬೇಕು. ಮಠಗಳ ಪ್ರಸಾದನಿಲಯಗಳಂತೆ ಸಾಲುಗೀಸರುಗಳಿರುವಲ್ಲಿ ಪ್ರತಿಯೊಂದಕ್ಕೂ ಪ್ರತ್ಯೇಕ ತಂತಿ, ಪ್ರತ್ಯೇಕ ಎಂ.ಸಿ.ಬಿ. ಇರತಕ್ಕದ್ದು. ಈ ವಾರವೇ ನಿಮ್ಮ ಮನೆಯ ಪೆಟ್ಟಿಗೆಯನ್ನು ತೆರೆದು ಗೀಸರಿನ ಎಂ.ಸಿ.ಬಿ. ಮೇಲಿನ ಅಂಕಿಯನ್ನು ಓದಿ ನೋಡಿರಿ. 32 ಎಂದಿದ್ದರೆ, ಗೋಡೆಯೊಳಗಿನ ತಂತಿ ಎಷ್ಟರದೆಂದು ಬಲ್ಲವರಿಂದ ಪರೀಕ್ಷೆ ಮಾಡಿಸಿರಿ.