ಬಿಸಿಲೂರಿನಲ್ಲಿ ಡಿಸ್ಕಸ್ ಮೀನಿಗೊಂದು ಮನೆ

ಡಿಸ್ಕಸ್ ಸಾಕಬೇಕು ಅಂದ ತಕ್ಷಣ ಯಾದಗಿರಿ ಕಡೆಯವರು ಕೇಳುವ ಮೊದಲ ಪ್ರಶ್ನೆ, 'ನಮ್ಮ ಬಿಸಿಲಿಗೆ ಅದು ಬದುಕುತ್ತಾ?' ಬದುಕುತ್ತದೆ. ಹಾಗೆ ನೋಡಿದರೆ ಅಂಗಡಿಯವರು ಎಲ್ಲರಿಗೂ ಮೊದಲು ಕೊಡುವ ಗೋಲ್ಡ್ ಫಿಶ್‌ಗಿಂತ ಡಿಸ್ಕಸ್ಸೇ ನಮ್ಮ ಊರಿಗೆ ಹೆಚ್ಚು ಹೊಂದುವ ಮೀನು. ಗೋಲ್ಡ್ ಫಿಶ್‌ಗೆ ತಂಪು ನೀರು ಬೇಕು, ಏಪ್ರಿಲ್ ಬಂದರೆ ಒದ್ದಾಡುತ್ತದೆ. ಡಿಸ್ಕಸ್ ಕೇಳುವುದೇ 28ರಿಂದ 30 ಡಿಗ್ರಿ ನೀರು. ಬೆಂಗಳೂರಿನ ಗೆಳೆಯರು ವರ್ಷವಿಡೀ ಹೀಟರ್ ಉರಿಸಿ ಕೊಡುವ ಬೆಚ್ಚಗಿನ ನೀರನ್ನು ನಾವು ವರ್ಷದ ಬಹುಪಾಲು ಪುಕ್ಕಟೆ ಕೊಡುತ್ತೇವೆ.

ಕಷ್ಟ ಇರುವುದು ಬಿಸಿಲಿನಲ್ಲಲ್ಲ, ನೀರಿನಲ್ಲಿ.

ಇದು ಅಮೆಜಾನ್ ನದಿ ಬಯಲಿನ ಮೀನು. 1840ರಲ್ಲಿ ಹೆಕೆಲ್ ಎಂಬ ಆಸ್ಟ್ರಿಯಾದ ವಿಜ್ಞಾನಿ ಇದನ್ನು ಮೊದಲು ವಿವರಿಸಿ ಹೆಸರಿಟ್ಟ. ಅಲ್ಲಿನ ನೀರು ಚಹಾ ಬಣ್ಣದ್ದು, ಹುಳಿ, ಖನಿಜ ಇಲ್ಲವೆನ್ನುವಷ್ಟು ಮೆದು. ನಮ್ಮ ಕಡೆ ಬೋರಿನ ನೀರು ಹೇಗಿದೆ ಅಂತ ನಿಮಗೇ ಗೊತ್ತು. ಬಕೆಟ್ ಅಂಚಿಗೆ ಬಿಳಿ ಕರೆ, ಗೀಸರ್ ಕಾಯಿಲ್ ಮೇಲೆ ಸುಣ್ಣದ ಪದರ, ಸೋಪು ನೊರೆ ಬರೋದಿಲ್ಲ. ಶಹಾಪುರ, ಸುರಪುರ ಸುತ್ತಿನ ಕೆಲವು ಹಳ್ಳಿಗಳಲ್ಲಿ ಫ್ಲೋರೈಡ್ ಕಾಟವೂ ಸೇರಿಕೊಂಡಿದೆ.

ಹಾಗಂತ ಆರ್‌ಒ ಮಷೀನಿಗೆ ಓಡಬೇಡಿ. ಇಂಟರ್‌ನೆಟ್ಟಿನಲ್ಲಿ ಸಿಗುವ ಸಲಹೆಯೆಲ್ಲ ನೀರನ್ನು ಮೀನಿಗೆ ತಕ್ಕಂತೆ ಬದಲಿಸಿ ಅನ್ನುತ್ತದೆ. ನಾನು ಹೇಳುವುದು ಉಲ್ಟಾ. ನಮ್ಮ ನೀರಿಗೆ ಹೊಂದುವ ಮೀನು ತನ್ನಿ. ಈಗ ಮಾರಾಟಕ್ಕೆ ಬರುವ ಬಹುತೇಕ ಡಿಸ್ಕಸ್ ಅಮೆಜಾನ್ ಕಂಡೇ ಇಲ್ಲ. ತಲೆತಲಾಂತರದಿಂದ ತೊಟ್ಟಿಯಲ್ಲೇ ಹುಟ್ಟಿ ಬೆಳೆದವು. ಅವು 7.5 ಪಿಎಚ್, 300 ಟಿಡಿಎಸ್ ಇರುವ ನೀರಿನಲ್ಲೂ ಚೆನ್ನಾಗಿ ಬೆಳೆಯುತ್ತವೆ. ಅವುಗಳಿಗೆ ಆಗದೇ ಇರುವುದು ಏರುಪೇರು. ಇವತ್ತು ನಲ್ಲಿ ನೀರು, ನಾಳೆ ಟ್ಯಾಂಕರ್, ನಾಡಿದ್ದು ಬೋರು ಅಂತ ಹಾಕಿದರೆ ಎಂಥ ಗಟ್ಟಿ ಮೀನೂ ಕಪ್ಪಾಗಿ ಮೂಲೆ ಸೇರುತ್ತದೆ. ಮರಿ ಮಾಡಿಸಬೇಕು ಅನ್ನುವ ಆಸೆ ಇದ್ದರೆ ಮಾತ್ರ ಮೆದು ನೀರು ಬೇಕೇ ಬೇಕು. ಅದು ಬೇರೆ ದಾರಿ, ಬೇರೆ ಖರ್ಚು.

ಆದ್ದರಿಂದ ಮೊದಲು ಕೊಳ್ಳಬೇಕಾದದ್ದು ಗಾಜಿನ ಟ್ಯಾಂಕೂ ಅಲ್ಲ, ಮೀನೂ ಅಲ್ಲ, ಪೆನ್ನಿನಷ್ಟು ದೊಡ್ಡದಿರುವ ಒಂದು ಟಿಡಿಎಸ್ ಮೀಟರ್. ಮನೆಗೆ ಬರುವ ಪ್ರತಿ ಮೂಲದ ನೀರನ್ನೂ ಎರಡು ವಾರ ಅಳೆದು ಫೋನಿನಲ್ಲಿ ಬರೆದಿಡಿ. ಸಾಮಾನ್ಯವಾಗಿ ನದಿಯ ನಲ್ಲಿ ನೀರು ಬೋರಿಗಿಂತ ಎಷ್ಟೋ ಮೆದು. 300–400ರ ಒಳಗಿದ್ದರೆ ಅದನ್ನೇ ನಂಬಿ. ಬೋರು ಬಿಟ್ಟರೆ ಗತಿಯಿಲ್ಲ, ಮೀಟರು ಸಾವಿರ ತೋರಿಸುತ್ತಿದೆ ಅಂತಾದರೆ ಮಳೆ ನೀರು ಬೆರೆಸಬಹುದು. ನೂರು ಚದರ ಅಡಿ ಮಾಳಿಗೆ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ 90 ಲೀಟರಿಗೂ ಹೆಚ್ಚು ನೀರು. ಮೊದಲ ಎರಡು ಮಳೆ ಮಾಳಿಗೆ ತೊಳೆಯಲಿ, ಆಮೇಲೆ ಹಿಡಿಯಿರಿ. ಬರೀ ಮಳೆ ನೀರು ಮಾತ್ರ ಹಾಕಬೇಡಿ. ಖನಿಜವೇ ಇಲ್ಲದ ನೀರಿನಲ್ಲಿ ಪಿಎಚ್ ಒಂದೇ ಮಟ್ಟದಲ್ಲಿ ನಿಲ್ಲೋದಿಲ್ಲ.

ಶಹಾಪುರದ ನನ್ನ ಗೆಳೆಯನೊಬ್ಬ ಟ್ಯಾಂಕ್ ಇಡುವ ಮುಂಚೆ ನನ್ನನ್ನು ಮನೆಗೆ ಕರೆದಿದ್ದ. ಜಾಗ ನೋಡ್ತಾ ಇರುವಾಗ ಅವನ ಅವ್ವ ಬಾಗಿಲಲ್ಲಿ ನಿಂತು ಕೇಳಿದರು:

"ಅಲ್ಲೋ ತಮ್ಮಾ, ನಾವು ಕೊಡ ಹೊತ್ತು ನೀರು ತಂದು ಜಲ್ಮ ಕಳದೀವಿ. ಈಗ ಮೀನಿಗಿ ವಾರವಾರ ನೀರು ಚೆಲ್ಲಬೇಕೇನು?"

ನಗುವ ಪ್ರಶ್ನೆ ಅಲ್ಲ ಇದು. ನಮ್ಮ ಕಡೆ ಡಿಸ್ಕಸ್ ಸಾಕುವ ಪ್ರತಿಯೊಬ್ಬರೂ ಉತ್ತರ ಕೊಡಬೇಕಾದ ಪ್ರಶ್ನೆ. ಅಲ್ಲೇ ಕುರ್ಚಿ ಎಳೆದುಕೊಂಡು ಲೆಕ್ಕ ಹಾಕಿದೆವು. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡು ಅಡಿ ಎತ್ತರದ ಟ್ಯಾಂಕಿನಲ್ಲಿ ಅಂಚು ಬಿಟ್ಟು ತುಂಬಿದರೆ ಸುಮಾರು 300 ಲೀಟರ್. ವಾರಕ್ಕೆ ಎರಡು ಸಲ ಕಾಲು ಭಾಗ ಬದಲಿಸಿದರೆ 150 ಲೀಟರ್. ಅಂದರೆ ದಿನಕ್ಕೆ ಒಂದು ಬಕೆಟ್, ಮೇಲೆ ಒಂದೆರಡು ಚೊಂಬು. ತೆಗೆದ ನೀರಿನಲ್ಲಿ ಮೀನಿನ ಹೊಲಸು ಕರಗಿ ಬಂದ ನೈಟ್ರೇಟ್ ಇರುತ್ತದೆ, ಗಿಡಕ್ಕೆ ಅದು ಗೊಬ್ಬರ. ಔಷಧಿ, ಉಪ್ಪು ಹಾಕಿದ ವಾರ ಬಿಟ್ಟು ಉಳಿದ ದಿನ ಆ ನೀರು ನೇರ ಕರಿಬೇವು, ಮಲ್ಲಿಗೆ ಬುಡಕ್ಕೆ ಹೋಗಬಹುದು. "ಗಿಡಕ ಹೆಂಗಿದ್ರೂ ಹಾಕೋ ನೀರು, ನಡುವ ಮೀನು ಈಜಿ ಹೋಗ್ತದ ಅಷ್ಟ ಅವ್ವಾ" ಅಂದೆ. ಒಪ್ಪಿದರೋ ಇಲ್ಲವೋ, "ಹಂಗಾದ್ರ ಪೈಪು ಅಂಗಳದ ತನಕ ಬರಂಗ ಮಾಡ್ರಿ" ಅಂದರು. ಪೈಪಿನ ಉದ್ದ ತೀರ್ಮಾನವಾದದ್ದು ಹೀಗೆ.

ಇದೇ ಲೆಕ್ಕಕ್ಕೆ ಆರ್‌ಒ ಸೇರಿಸಿ ನೋಡಿ. ಮನೆಯ ಆರ್‌ಒ ಒಂದು ಲೀಟರ್ ಒಳ್ಳೆ ನೀರು ಕೊಡಲು ಎರಡು ಮೂರು ಲೀಟರ್ ಹೊರಗೆ ಬಿಡುತ್ತದೆ. 150 ಲೀಟರು ಹೋಗಿ 500ರ ಹತ್ತಿರ ಬಂತು. ಇನ್ನು ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಕಾಯಿನ್ ಹಾಕಿ ಕ್ಯಾನ್‌ಗಟ್ಟಲೆ ಮೀನಿಗೆ ತರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಿಂದೆ ಸಾಲಿನಲ್ಲಿ ನಿಂತವರು ಕುಡಿಯೋಕೆ ಬಂದವರು.

ನೀರಾಯಿತು, ಈಗ ಜಾಗ. 300 ಲೀಟರ್ ಅಂದರೆ 300 ಕೆಜಿ, ಗಾಜು ಮತ್ತು ಸ್ಟ್ಯಾಂಡ್ ಸೇರಿದರೆ 400ರ ಆಸುಪಾಸು. ಆರು ಜನ ದೊಡ್ಡವರು ಒಂದೇ ಮೂಲೆಯಲ್ಲಿ ವರ್ಷಗಟ್ಟಲೆ ನಿಂತ ಹಾಗೆ. ಹಳೆ ಮಣ್ಣಿನ ಮಾಳಿಗೆ ಮನೆಯ ಮೇಲಂತಸ್ತಿನಲ್ಲಿ ಬೇಡವೇ ಬೇಡ. ನೆಲಮಹಡಿ, ಗೋಡೆಯ ಪಕ್ಕ, ಕಬ್ಬಿಣದ ಸ್ಟ್ಯಾಂಡ್, ಅದರ ಮೇಲೆ ಪ್ಲೈವುಡ್, ಮಧ್ಯೆ ತೆಳು ಥರ್ಮಾಕೋಲ್ ಹಾಳೆ. ಇಷ್ಟು ಎತ್ತರಕ್ಕೆ ಗಾಜು 10 ಎಂಎಂ ಕನಿಷ್ಠ, 12 ಇದ್ದರೆ ನಿಶ್ಚಿಂತೆ. ಪಶ್ಚಿಮದ ಕಿಟಕಿ ಪಕ್ಕ ಇಡಬೇಡಿ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಸ್ಟ್ಯಾಂಡನ್ನು ಗೋಡೆಗೆ ಬಿಗಿಸಿ, ಅವು ಹಿಡಿದು ನೇತಾಡುತ್ತವೆ.

ಒಳಗೆ ಏನು ಹಾಕಬೇಕು ಅನ್ನುವಲ್ಲಿ ನಮ್ಮ ಕಡೆಯ ಒಂದು ವಿಶೇಷ ಎಚ್ಚರಿಕೆ. ಮನೆ ಹಿಂದೆ ಬಿದ್ದಿರುವ ಶಹಾಬಾದ್ ಕಲ್ಲಿನ ಫರಸಿ ತುಂಡು ತುಂಬ ಚೆಂದ ಕಾಣುತ್ತದೆ, ಜೋಡಿಸಿದರೆ ಗುಹೆಯ ಹಾಗಿರುತ್ತದೆ. ಆದರೆ ಅದು ಸುಣ್ಣದ ಕಲ್ಲು. ದಿನದಿನಕ್ಕೂ ಕರಗಿ ನೀರನ್ನು ಇನ್ನಷ್ಟು ಗಡಸು ಮಾಡುತ್ತದೆ. ಯಾದಗಿರಿ ಕೋಟೆ ಬೆಟ್ಟದ, ಶಹಾಪುರದ ಮಲಗಿದ ಬುದ್ಧನ ಬೆಟ್ಟದ ಕಲ್ಲು ಗ್ರಾನೈಟ್ ಜಾತಿಯದು, ಕರಗುವುದಿಲ್ಲ. ಬೆಟ್ಟದಿಂದ ಕಿತ್ತು ತನ್ನಿ ಅಂತಲ್ಲ, ಮನೆ ಕಟ್ಟುವವರ ಹತ್ತಿರ ಅಂಥ ತುಂಡು ಬೇಕಾದಷ್ಟು ಸಿಗುತ್ತವೆ. ಅನುಮಾನ ಬಂದರೆ ಕಲ್ಲಿನ ಮೇಲೆ ನಾಲ್ಕು ಹನಿ ನಿಂಬೆ ರಸ ಇಲ್ಲವೇ ವಿನೆಗರ್ ಹಾಕಿ. ನೊರೆ ಬಂದರೆ ಸುಣ್ಣ. ನದಿ ಮರಳಿಗೂ ಇದೇ ಪರೀಕ್ಷೆ, ಅದರಲ್ಲಿ ಚಿಪ್ಪಿನ ಚೂರು ಇರುತ್ತದೆ. ನನ್ನ ಟ್ಯಾಂಕಿನಲ್ಲಂತೂ ತಳಕ್ಕೆ ಏನೂ ಇಲ್ಲ, ಒಂದು ಮರದ ಬೇರು ಅಷ್ಟೇ. ಬೋಳು ತಳ ಫೋಟೊಗೆ ಚೆಂದ ಕಾಣಲ್ಲ, ಆದರೆ ಐದು ನಿಮಿಷದಲ್ಲಿ ಹೊಲಸು ಎಳೆದು ತೆಗೆಯಬಹುದು. ಬೆಳಗ್ಗೆ ಒಂಬತ್ತೂವರೆಗೆ ಆಫೀಸು ಸೇರಬೇಕಾದವರಿಗೆ ಅದೇ ಸರಿ.

ಮೀನು ತರುವ ಮೊದಲು ಟ್ಯಾಂಕ್ ಖಾಲಿ ಓಡಬೇಕು, ನಾಲ್ಕರಿಂದ ಆರು ವಾರ. ಯಾರೂ ಕಾಯೋದಿಲ್ಲ, ಅಲ್ಲೇ ಮೀನು ಸಾಯೋದು. ಮೀನಿನ ಹೊಲಸಿನಿಂದ ಅಮೋನಿಯ ಹುಟ್ಟುತ್ತದೆ. ಫಿಲ್ಟರಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯಲು ಬಿಟ್ಟು ಆ ಬ್ಯಾಕ್ಟೀರಿಯಾ ಬೆಳೆಸಬೇಕು. ಟೆಸ್ಟ್ ಕಿಟ್‌ನಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ಬಂದ ಮೇಲೆ ಮೀನು. ನಮ್ಮಲ್ಲಿ ಇದು ಇನ್ನೂ ಮುಖ್ಯ. ಯಾಕಂದ್ರೆ ಪಿಎಚ್ 7ರ ನೀರಿಗಿಂತ 8ರ ನೀರಿನಲ್ಲಿ ಅಮೋನಿಯದ ವಿಷಕಾರಿ ರೂಪ ಸುಮಾರು ಹತ್ತು ಪಟ್ಟು ಹೆಚ್ಚು, ನೀರು ಬಿಸಿಯಾದಷ್ಟೂ ಮತ್ತಷ್ಟು ಹೆಚ್ಚು. ಬೆಂಗಳೂರಿನ ಗೆಳೆಯನ ಟ್ಯಾಂಕ್ ತಾಳಿಕೊಳ್ಳುವ ಹೊಲಸನ್ನು ನಮ್ಮ ಗಡಸು, ಬಿಸಿ ನೀರು ತಾಳೋದಿಲ್ಲ.

ಬದಲಿಸುವ ನೀರನ್ನು ಒಂದು ದಿನ ಮುಂಚೆ ಡ್ರಮ್ಮಿನಲ್ಲಿ ತುಂಬಿ, ಏರ್ ಸ್ಟೋನ್ ಬಿಟ್ಟು ಇಡಿ. ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಹೋಗುತ್ತದೆ, ಬೋರಿನ ನೀರಾದರೆ ಪಿಎಚ್ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಅವಸರ ಇದ್ದ ದಿನ ಆ್ಯಂಟಿ ಕ್ಲೋರಿನ್ ಹನಿ. ಡ್ರಮ್ ಮನೆಯೊಳಗೇ ಇರಲಿ. ಮೇ ತಿಂಗಳ ಮಧ್ಯಾಹ್ನ ಮಾಳಿಗೆ ಮೇಲಿನ ಸಿಂಟೆಕ್ಸ್ ನೀರಿನಲ್ಲಿ ಕೈ ತೊಳೆಯೋಕೇ ಆಗಲ್ಲ, ಅದನ್ನು ಪೈಪ್ ಹಚ್ಚಿ ನೇರ ಟ್ಯಾಂಕಿಗೆ ಬಿಟ್ಟರೆ ಮುಗಿಯಿತು.

ಬೇಸಿಗೆಯಲ್ಲಿ ಹೊರಗೆ 42–43 ಡಿಗ್ರಿ ಇದ್ದಾಗ ಟ್ಯಾಂಕಿನ ನೀರು 33 ದಾಟಬಹುದು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. ಮೀನು ಮೇಲೆ ಬಂದು ಬಾಯಿ ಬಿಡುವುದು ಅದಕ್ಕೇ. ಏರ್ ಪಂಪ್ ಎರಡು ಮಾಡಿ. ಮುಚ್ಚಳದ ಒಂದು ಭಾಗಕ್ಕೆ ಜಾಳಿಗೆ ಹಾಕಿ, ಸಣ್ಣ ಫ್ಯಾನ್ ನೀರಿನ ಮೇಲ್ಮೈಗೆ ತಿರುಗಿಸಿ. ಮಡಕೆ ನೀರು ತಣ್ಣಗಾಗುವ ಲೆಕ್ಕವೇ ಇದು. ನಮ್ಮ ಒಣ ಗಾಳಿಯಲ್ಲಿ ಎರಡು ಮೂರು ಡಿಗ್ರಿ ಇಳಿಯುತ್ತದೆ. ಮಂಗಳೂರಿನ ಸೆಕೆಯಲ್ಲಿ ಇಷ್ಟು ಇಳಿಯಲ್ಲ. ಆರಿಹೋದ ನೀರಿನ ಜಾಗಕ್ಕೆ ಮಾತ್ರ ಮಳೆ ನೀರು ಅಥವಾ ಒಂದೆರಡು ಚೊಂಬು ಆರ್‌ಒ ನೀರು ಹಾಕಿ, ಯಾಕಂದರೆ ಆರುವುದು ನೀರು, ಉಪ್ಪು ಅಲ್ಲೇ ಉಳಿದಿರುತ್ತದೆ. ಐಸ್ ಕ್ಯೂಬ್ ಸುರಿಯುವ ಕೆಲಸ ಬೇಡ. ಡಿಸೆಂಬರ್, ಜನವರಿ ರಾತ್ರಿಗಳಿಗೆ ಹೀಟರ್ ಬೇಕು. 300 ವ್ಯಾಟಿನದು ಒಂದರ ಬದಲು 150ರದು ಎರಡು ಹಾಕಿ. ಒಂದು ಕೆಟ್ಟು ಆಫ್ ಆಗದೇ ಉರಿದರೂ ಇಡೀ ಟ್ಯಾಂಕ್ ಬೇಯುವುದಿಲ್ಲ.

ಕರೆಂಟ್ ವಿಷಯ ಮನೆಯವರ ಜೀವದ ವಿಷಯ, ಇಲ್ಲಿ ಉಳಿತಾಯ ಮಾಡಬೇಡಿ. ಅರ್ಥಿಂಗ್ ಸರಿ ಇರುವ ಪಾಯಿಂಟ್, ಆ ಲೈನಿಗೆ ಆರ್‌ಸಿಸಿಬಿ. ಪ್ರತಿ ವೈರೂ ಪ್ಲಗ್‌ಗಿಂತ ಕೆಳಗೆ ಒಮ್ಮೆ ಜೋತುಬಿದ್ದು ಮೇಲೆ ಹೋಗಿರಲಿ, ವೈರಿಗುಂಟ ಜಾರಿದ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಕೈ ಹಾಕುವ ಮುನ್ನ ಎಲ್ಲ ಸ್ವಿಚ್ ಆಫ್. ಬಾಡಿಗೆ ಮನೆಯಲ್ಲಿ ಇದ್ದೀನಿ ಅಂತ ಅರ್ಥಿಂಗ್ ಬಿಡುವವರು ದಯವಿಟ್ಟು ಟ್ಯಾಂಕ್ ಆಸೆಯನ್ನೂ ಬಿಡಿ. ಇನ್ವರ್ಟರಿಗೆ ಏರ್ ಪಂಪ್ ಮತ್ತು ಫಿಲ್ಟರ್ ಮಾತ್ರ ಕೊಡಿ, ಹೀಟರ್ ಬೇಡ. ನಾಲ್ಕೈದು ವ್ಯಾಟಿನ ಏರ್ ಪಂಪಿನಲ್ಲಿ ಓಡುವ ಸ್ಪಾಂಜ್ ಫಿಲ್ಟರ್ ಒಂದು ಇದ್ದರೆ ಇಡೀ ರಾತ್ರಿ ಕರೆಂಟ್ ಹೋದರೂ ನೀವು ನಿದ್ದೆ ಮಾಡಬಹುದು.

ಮೀನಿನ ಬಗ್ಗೆ ಹೇಳುವುದು ಕಡಿಮೆ. ಒಂದೆರಡು ತರಬೇಡಿ, ಆರು ತನ್ನಿ, ಮೂರು ಇಂಚಿನವು. ಡಿಸ್ಕಸ್ ಗುಂಪಿನ ಮೀನು. ಎರಡೇ ಇದ್ದರೆ ದೊಡ್ಡದು ಸಣ್ಣದನ್ನು ತಿನ್ನಲು ಬಿಡದೆ ಕೊರಗಿಸುತ್ತದೆ. ಚೆನ್ನೈನ ಕೊಳತ್ತೂರು ದೇಶದ ದೊಡ್ಡ ಬಣ್ಣದ ಮೀನಿನ ಮಾರುಕಟ್ಟೆಗಳಲ್ಲಿ ಒಂದು. ಯಾದಗಿರಿ ಹೇಗೂ ಮುಂಬೈ–ಚೆನ್ನೈ ರೈಲು ಮಾರ್ಗದ ಮೇಲೇ ಇದೆ. ಶಹಾಪುರ, ಸುರಪುರಕ್ಕೆ ರೈಲಿಲ್ಲ. ಸ್ಟೇಷನ್ನಿನಿಂದ ಮುಂದೆ ಥರ್ಮಾಕೋಲ್ ಪೆಟ್ಟಿಗೆಯನ್ನು ಬಸ್ಸಿನ ಡಿಕ್ಕಿಗೆ ಹಾಕದೆ ತೊಡೆ ಮೇಲೆ ಇಟ್ಟುಕೊಂಡು ಹೋಗಿ. ಕೊಳ್ಳುವ ಮೊದಲು ಮಾರುವವರಿಗೆ ಕೇಳಬೇಕಾದ್ದು ಬಣ್ಣದ ಹೆಸರಲ್ಲ, 'ನಿಮ್ಮ ನೀರಿನ ಟಿಡಿಎಸ್ ಎಷ್ಟು, ಪಿಎಚ್ ಎಷ್ಟು?' ಉತ್ತರ ಕೊಡದವರ ಹತ್ತಿರ ಕೊಳ್ಳಬೇಡಿ. ಹಳೆ ಮೀನಿದ್ದರೆ ಹೊಸದನ್ನು ನಾಲ್ಕು ವಾರ ಬೇರೆ ಇಡಿ. ಏಂಜೆಲ್, ಗೋಲ್ಡ್ ಫಿಶ್ ಜೊತೆಗೆ ಬೇಡ. ಗಾಜು ಉಜ್ಜುವ ಸಕ್ಕರ್ ಮೀನು ಡಿಸ್ಕಸ್ಸಿನ ಮೈ ಲೋಳೆಗೆ ಬಾಯಿ ಹಾಕುತ್ತದೆ. ಆ ಲೋಳೆ ಎಂಥದ್ದು ಗೊತ್ತಾ? ಮೊಟ್ಟೆಯೊಡೆದ ಮರಿಗಳು ಮೊದಲ ದಿನಗಳಲ್ಲಿ ತಿನ್ನುವುದು ಅಪ್ಪ ಅಮ್ಮನ ಮೈಮೇಲಿನ ಲೋಳೆಯನ್ನೇ. ಆಹಾರಕ್ಕೆ ಒಳ್ಳೆ ಪೆಲೆಟ್ ಸಾಕು, ಮಾಂಸ ತರದ ಮನೆಗಳಿಗೂ ತೊಂದರೆಯಿಲ್ಲ. ಚರಂಡಿಯಲ್ಲಿ ಬೆಳೆಯುವ ಟ್ಯೂಬಿಫೆಕ್ಸ್ ಹುಳ ಮಾತ್ರ ಬೇಡ.

ಕೊನೆಗೆ, ನಿಮ್ಮಲ್ಲಿ ಬಹಳ ಜನ ಬ್ಯಾಂಕು, ಆಸ್ಪತ್ರೆ, ಶಾಲೆ ಅಂತ ಇಲ್ಲಿಗೆ ಪೋಸ್ಟಿಂಗ್ ಆಗಿ ಬಂದವರು. ಡಿಸ್ಕಸ್ ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷ ಬದುಕಬಲ್ಲದು, ನಿಮ್ಮ ಟ್ರಾನ್ಸ್‌ಫರ್ ಆರ್ಡರ್ ಅದಕ್ಕಿಂತ ಮುಂಚೆಯೇ ಬರುತ್ತದೆ. ಮೀನು ತರುವ ದಿನವೇ ಅದನ್ನು ಮುಂದೆ ಯಾರಿಗೆ ಕೊಡುವುದು ಅಂತ ಮಾತಾಡಿಟ್ಟುಕೊಳ್ಳಿ. ಬೋನಾಳ ಪಕ್ಷಿಧಾಮದ ಕೆರೆಗೋ ಕೃಷ್ಣೆಗೋ ಬಿಟ್ಟು ಬರುವ ಯೋಚನೆ ಮಾಡಬೇಡಿ. ಹಾಗೆ ಅಕ್ವೇರಿಯಂನಿಂದ ಬಿಟ್ಟ ಸಕ್ಕರ್ ಮೀನುಗಳೇ ಇವತ್ತು ದೇಶದ ಎಷ್ಟೋ ಕೆರೆಗಳಲ್ಲಿ ತುಂಬಿ ಮೀನುಗಾರರ ಬಲೆ ಹರಿಯುತ್ತಿವೆ.

ಶಹಾಪುರದ ಟ್ಯಾಂಕ್ ಈಗ ಮೂರನೇ ವಾರ ಖಾಲಿ ಓಡುತ್ತಿದೆ. ಅಮೋನಿಯ ಇಳಿದಿದೆ, ನೈಟ್ರೈಟ್ ಇನ್ನೂ ಏರುತ್ತಿದೆ. ಮೀನು ನವೆಂಬರಿಗೆ.