ಮುಳುಗಿದ್ದು ಒಂದು ಊರು, ನಿಮ್ಮ ರೀಲ್ಸಿನ ಬ್ಯಾಕ್‌ಗ್ರೌಂಡ್ ಅಲ್ಲ

1/4
ಆ ರೀಲ್ ನೀವೂ ನೋಡಿರ್ತೀರ. ಅಮೆರಿಕದ ಹ್ಯೂರನ್ ಸರೋವರ, ಮೈ ಕೊರೆಯೋ ತಣ್ಣೀರು, ತಳದಲ್ಲಿ ಹಳೇ ಹಡಗು. ಡೈವರ್ ಟಾರ್ಚ್ ಬಿಟ್ರೆ ಮರದ ಹಲಗೆ ಇನ್ನೂ ಗಟ್ಟಿ. ನಮ್ಮ ಕ್ಲಾಸ್ ಗ್ರೂಪಲ್ಲಿ ಬಂದ ಮಾತು: "ನಮ್ ಮಂಡ್ಯದಲ್ಲಿ ಏನೈತೆ ಮಗಾ, ಬರೀ ಕಬ್ಬು."

ಮಗಾ, ಕೆಆರ್‌ಎಸ್ ನೀರಿನ ಕೆಳಗೆ ಊರೇ ಐತೆ.

2/4
ಮನೇಲಿ ಹಿರಿಯರು ಕೆಆರ್‌ಎಸ್ ಅನ್ನಲ್ಲ, ಕನ್ನಂಬಾಡಿ ಕಟ್ಟೆ ಅಂತಾರೆ. ಅದು ಮುಳುಗಿದ ಊರಿನ ಹೆಸರು. 1911ರಲ್ಲಿ ಕೆಲಸ ಶುರುವಾಗಿ, ಮುಗಿಯೋಕೆ ಸುಮಾರು 20 ವರ್ಷ ಹಿಡೀತು. ಊರಿನ ಜೊತೆ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ಗುಡೀನೂ ನೀರು ಪಾಲಾಯ್ತು. ಬರಗಾಲದಲ್ಲಿ ನೀರು ಇಳಿದಾಗ ಗುಡಿ ಕಾಣ್ತಿತ್ತು, ಜನ ನೋಡೋಕೆ ಓಡ್ತಿದ್ರು. ಎಷ್ಟೋ ವರ್ಷದ ಮೇಲೆ ಖೋಡೆ ಫೌಂಡೇಶನ್ನಿನವರು ಅದನ್ನ ಕಲ್ಲು ಕಲ್ಲಾಗಿ ಬಿಚ್ಚಿ ಹೊಸ ಕನ್ನಂಬಾಡಿ ಹತ್ರ, ಹಿನ್ನೀರಿನ ದಡದಲ್ಲಿ, ಮತ್ತೆ ಕಟ್ಟಿದ್ರು. ಸಂಡೆ ಬೈಕ್ ಹಾಕ್ಕೊಂಡು ನೀವೆಲ್ಲ ಹೋಗೋದು ಅಲ್ಲಿಗೇ.

3/4
ದೇವರಿಗೆ ಹೊಸ ಮನೆ ಸಿಕ್ತು, ಒಳ್ಳೇದೇ. ಆ ದೇವರಿಗೆ ಕೈ ಮುಗೀತಿದ್ದವರು ಎಲ್ಲಿಗೆ ಹೋದ್ರು? ಗುಡಿ ಮುಂದೆ ಸ್ಲೋ ಮೋಷನಲ್ಲಿ ಕೂದಲು ಹಾರಿಸೋ ನಿಮ್ಮ ರೀಲುಗಳಲ್ಲಿ ಒಂದಾದ್ರೂ ಇದನ್ನ ಕೇಳಿದ್ಯಾ? ಹ್ಯೂರನ್‌ನ ಥಂಡರ್ ಬೇ ಹಡಗುಗಳಿಗೆ 2000ದಿಂದ ಸರ್ಕಾರದ ರಕ್ಷಣೆ ಇದೆ, ಡೈವರ್ ಒಂದು ಮೊಳೆನೂ ಎತ್ತೋ ಹಾಗಿಲ್ಲ. ನಾವೋ, ಹಿನ್ನೀರು ಇಳಿದ್ರೆ ಸಿಕ್ಕ ಕಲ್ಲು ಹತ್ತಿ ಪೋಸು.

"ಹಂಗಾದ್ರೆ ಕಟ್ಟೆನೇ ಬೇಡ್ವಾ?" ಅಂತ ಬರಬೇಡಿ. ವಿಸಿ ನಾಲೆ ನೀರು ಕುಡಿದ ಕಬ್ಬಿನ ದುಡ್ಡಲ್ಲೇ ನಮ್ಮಲ್ಲಿ ಎಷ್ಟೋ ಜನರ ಫೀಸ್ ಕಟ್ಟಿರೋದು. ಅದಕ್ಕೇ ಕೇಳ್ತಿರೋದು, ಯಾರ ಗದ್ದೆ ಮುಳುಗಿದ್ದಕ್ಕೆ ನಮ್ಮ ಗದ್ದೆಗೆ ನೀರು ಬಂತು? (ನಾಗಮಂಗಲದವರೇ, ನಿಮ್ಮ ನೀರಿನ ಜಗಳ ಬೇರೆ. ಅದನ್ನ ಇನ್ನೊಂದು ದಿನ ಬರೀತೀನಿ.)

4/4
ಡೈವಿಂಗ್ ಸೂಟ್ ಬೇಡ. ಹಿನ್ನೀರಿಗೆ ಇಳೀಲೂ ಬೇಡಿ, ಹೂಳು ಕಾಲು ಹಿಡಿದ್ರೆ ಈಜು ಬಂದವರೂ ಏಳಲ್ಲ. ಆ ಊರಲ್ಲಿ ಬಾಳಿದವರು ಈಗ ಇದ್ರೆ ನೂರು ದಾಟಿರ್ತಾರೆ. ಅವರ ಬಾಯಿಂದ ಕೇಳಿದ ಅಜ್ಜಿ, ತಾತ ಶ್ರೀರಂಗಪಟ್ಟಣ, ಪಾಂಡವಪುರ, ಕೆಆರ್ ಪೇಟೆ ಕಡೆ ಇನ್ನೂ ಇರ್ತಾರೆ. ಜಗಲಿ ಮೇಲೆ ಪಕ್ಕದಲ್ಲಿ ಕೂತು ಫೋನಲ್ಲಿ ರೆಕಾರ್ಡ್ ಒತ್ತಿ. ಯಾವ ಊರಿಂದ ಬಂದ್ರಿ, ಗಾಡೀಲಿ ಏನೇನು ಹೇರ್ಕೊಂಡು ಬಂದ್ರು, ಬಾವಿ ಯಾವ ಕಡೆ ಇತ್ತು, ಕೇಳಿ. ಹಿಂದೆ ಹಾಡು ಹಾಕ್ಬೇಡಿ, ಅಜ್ಜಿ ಮಾತು ಕೇಳಿಸ್ಬೇಕು. ಹಾಕಿ ನನ್ನ ಟ್ಯಾಗ್ ಮಾಡಿ, ಒಂದೂ ಬಿಡದೆ ಸ್ಟೋರಿಗೆ ಹಾಕ್ತೀನಿ.

#ಕನ್ನಂಬಾಡಿ #ಹಿನ್ನೀರು #ನಮ್ಮಮಂಡ್ಯ